ಹೊಳೆಯಾಚೆಯ ಹಾಸ್ಟೆಲು: ಓದುಗರ ಪ್ರಶ್ನೆ, ಟೀಚರ ಉತ್ತರ

ಓಣಂ ರಜೆ ಮುಗಿದು ಮಕ್ಕಳು ಹಾಸ್ಟೆಲಿಗೆ ಮರಳಿದ ಮೇಲೆ ನನಗೆ ಪತ್ರಗಳು ಜಾಸ್ತಿ ಬರುತ್ತವೆ. ಈ ಸಲವೂ ಹಾಗೇ. ಹೊಸಬರಿಗಾಗಿ ಒಂದು ಮಾತು. ಕಾಸರಗೋಡಿನ ಒಂದು ಸಣ್ಣ ಕಾಲೇಜಿನಲ್ಲಿ 19 ವರ್ಷ ಕನ್ನಡ ಕಲಿಸಿದವಳು ನಾನು. ಅದರಲ್ಲಿ 11 ವರ್ಷ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿದ್ದೆ. ನಲವತ್ತು ಮಕ್ಕಳು, ಎರಡು ಮಹಡಿ, ಒಂದು ಅಡುಗೆಮನೆ. ನಾನು ಕೊಡುವ ಉತ್ತರವೆಲ್ಲ ಅಲ್ಲಿ ಕಂಡದ್ದರಿಂದ ಬಂದದ್ದು.

ಟೀಚರೇ, ನಾನು ಮುಳ್ಳೇರಿಯ ಕಡೆಯವಳು. ಹತ್ತರ ತನಕ ಕನ್ನಡ ಮೀಡಿಯಂ. ಈಗ ಕಾಞಂಗಾಡಿನ ಆಚೆ ಒಂದು ಸಣ್ಣ ಕಾಲೇಜಿನಲ್ಲಿ ಬಿ.ಕಾಂ. ಹಾಸ್ಟೆಲಿನಲ್ಲಿ ಕನ್ನಡದವಳು ನಾನೊಬ್ಬಳೇ. ಮಲಯಾಳ ಕೇಳಿದರೆ ಅರ್ಥ ಆಗುತ್ತದೆ, ಮಾತಾಡಿದರೆ ನಗುತ್ತಾರೆ. ಓದಲಂತೂ ಬರುವುದಿಲ್ಲ. ನೋಟೀಸ್ ಬೋರ್ಡಿನಲ್ಲಿ ಏನು ಬರೆದಿದ್ದಾರೆ ಅಂತ ಪ್ರತಿ ಸಲ ಕೇಳಬೇಕು. ಶುಕ್ರವಾರ ಸಂಜೆ ಗಾಡಿ ಹತ್ತುವುದನ್ನೇ ಕಾಯುತ್ತಿರುತ್ತೇನೆ. ಬಿಟ್ಟು ಬರಲೇ?

ಬಿಡಬೇಡ ಮಗಳೇ. ಕ್ರಿಸ್ಮಸ್ ರಜೆಯ ತನಕವಾದರೂ ನಿಲ್ಲು. ಆಮೇಲೂ ಹೀಗೇ ಅನಿಸಿದರೆ ಇನ್ನೊಂದು ಪತ್ರ ಬರೆ, ಆಗ ಬೇರೆ ಯೋಚನೆ ಮಾಡೋಣ.

ನಿನ್ನ ಪತ್ರದಲ್ಲಿ ಭಾಷೆಗಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಆ ಶುಕ್ರವಾರ. ನೀನು ಬರುವ ದಾರಿ ನನಗೆ ಚೆನ್ನಾಗಿ ಗೊತ್ತು. ಬೇಕಲ ಕೋಟೆ, ಕೋಟಿಕುಳಂ, ಕಳನಾಡು. ಸುರಂಗ ದಾಟಿ ಚಂದ್ರಗಿರಿ ಹೊಳೆಯ ನೀರು ಕಂಡ ಕೂಡಲೇ ಎದೆ ಹಗುರಾಗುತ್ತದೆ, ಅಲ್ವಾ? ಆದರೆ ಹಾಸ್ಟೆಲಿನಲ್ಲಿ ಗೆಳೆತನ ಆಗುವುದು ಶನಿವಾರ, ಭಾನುವಾರ. ಉಳಿದ ದಿನ ಎಲ್ಲರಿಗೂ ಕ್ಲಾಸು, ಅಸೈನ್‌ಮೆಂಟು, ಬಚ್ಚಲಿನ ಕ್ಯೂ. ಶನಿವಾರ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ತಲೆಗೆ ಎಣ್ಣೆ ಹಚ್ಚಿಕೊಂಡು ಮೆಟ್ಟಿಲ ಮೇಲೆ ಕೂತಾಗ ಮಾತು ತಾನಾಗಿ ಬರುತ್ತದೆ. ಆ ಹೊತ್ತಿಗೆ ನೀನು ಅಲ್ಲಿ ಇರುವುದೇ ಇಲ್ಲ. ತಿಂಗಳಲ್ಲಿ ಎರಡು ವಾರ ಊರಿಗೆ ಹೋಗು, ಎರಡು ವಾರ ಅಲ್ಲೇ ನಿಲ್ಲು. ಅಮ್ಮನಿಗೆ ಬೇಜಾರಾದೀತು. ಟೀಚರ್ ಹೇಳಿದರು ಅಂತ ಹೇಳು.

ನಿಂತ ಶನಿವಾರ ಏನು ಮಾಡಬೇಕು ಅಂತ ಕೇಳಿದರೆ, ಅಡುಗೆಮನೆಗೆ ಹೋಗು ಅನ್ನುತ್ತೇನೆ. ನಮ್ಮ ಹಾಸ್ಟೆಲಿಗೆ ಒಂದು ವರ್ಷ ಕೋಟ್ಟಯಂ ಕಡೆಯ ಹುಡುಗಿಯೊಬ್ಬಳು ಬಂದಿದ್ದಳು. ನಿನ್ನ ಕತೆಯೇ, ದಿಕ್ಕು ಮಾತ್ರ ಬೇರೆ. ನಮ್ಮಲ್ಲಿ ಅರ್ಧಕ್ಕರ್ಧ ಮಕ್ಕಳು ಕನ್ನಡ, ತುಳು ಮಾತಾಡುವವರು. ಅವಳು ತಟ್ಟೆ ಹಿಡಿದುಕೊಂಡು ಮೂಲೆಯ ಬೆಂಚಿಗೆ ಹೋಗಿ ಕೂರುತ್ತಿದ್ದಳು, ತಿಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಂದು ದಿನ ಅಡುಗೆಯ ಅಕ್ಕನ ಹೆಬ್ಬೆರಳಿಗೆ ಕತ್ತಿ ತಾಗಿತು. ಎಂಟು ತೆಂಗಿನಕಾಯಿ ಒಡೆದು ಇಟ್ಟಿದೆ, ತುರಿಯುವವರಿಲ್ಲ. ಈ ಹುಡುಗಿ ಮಾತಿಲ್ಲದೆ ಬಂದು ಹೆರೆಮಣೆಯ ಮೇಲೆ ಕೂತಳು. ಅವಳ ಕೈ ನೋಡಬೇಕಿತ್ತು. ಕಾಯಿಯ ಹೋಳನ್ನು ಅಂಗೈಯಲ್ಲಿ ಹಿಡಿದು ಅಂಚಿನಿಂದ ಒಳಗೆ ತಿರುಗಿಸುತ್ತಾ ಹೋದಳು, ಕಪ್ಪು ಸಿಪ್ಪೆಯ ಒಂದು ಚೂರೂ ತುರಿಗೆ ಬೀಳಲಿಲ್ಲ. ಅಕ್ಕ ಬೆರಳಿಗೆ ಬಟ್ಟೆ ಸುತ್ತಿಕೊಂಡು ನೋಡುತ್ತಾ ನಿಂತಿದ್ದರು. ಅವರು ಹೆರೆಮಣೆ ಅಂದರು, ಅವಳು ಚಿರವ ಅಂದಳು. ಅವರು ಸೌಟು ಅಂದರು, ಅವಳು ತವಿ ಅಂದಳು. ಮರುದಿನವೂ ಬಂದಳು. ಮೂರು ತಿಂಗಳಲ್ಲಿ "ಅಕ್ಕಾ, ಇನ್ನು ಎಷ್ಟು ಕಾಯಿ ಉಂಟು?" ಅಂತ ಕೇಳುವಷ್ಟು ಕನ್ನಡ ಅವಳಿಗೆ ಬಂತು. ಕ್ಲಾಸಿನಲ್ಲಿ ತಪ್ಪು ಮಾತಾಡಲು ಹೆದರಿಕೆಯಾಗುತ್ತದೆ. ಕೈಯಲ್ಲಿ ಕೆಲಸ ಇದ್ದಾಗ ಆ ಹೆದರಿಕೆ ಇರುವುದಿಲ್ಲ.

ಇನ್ನು ಮಲಯಾಳ. ಇದು ನನ್ನ ಪಾಠದ ವಿಷಯವಾದ್ದರಿಂದ ಸ್ವಲ್ಪ ಹೇಳುತ್ತೇನೆ. ನಿನ್ನ ಕನ್ನಡದೊಳಗೇ ಅರ್ಧ ಮಲಯಾಳ ಇದೆ. ನಮ್ಮಲ್ಲಿ ಬ ಇರುವ ಎಷ್ಟೋ ಕಡೆ ಅವರಲ್ಲಿ ವ ಇದೆ. ಬಾಯಿ ಅಲ್ಲಿ ವಾಯ್, ಬಳೆ ವಳ, ಬೇರು ವೇರ್, ಬಿಲ್ಲು ವಿಲ್ಲ್. ನಮ್ಮ ಹ ಅವರಲ್ಲಿ ಪ ಆಗಿಯೇ ಉಳಿದಿದೆ. ಹಾಲು ಪಾಲ್, ಹಲ್ಲು ಪಲ್ಲ್, ಹುಲಿ ಪುಲಿ, ಹತ್ತು ಪತ್ತ್, ಹೂ ಪೂ. ಹಳಗನ್ನಡದಲ್ಲಿ ನಾವೂ ಪಾಲ್, ಪುಲಿ, ಪೂ ಅಂತಲೇ ಬರೆಯುತ್ತಿದ್ದೆವು. ನಾವು ಬದಲಾಯಿಸಿಕೊಂಡೆವು, ಅವರು ಇಟ್ಟುಕೊಂಡರು. ಕೆಲವು ಕಡೆ ನಮ್ಮ ಕ ಅವರ ಚ ಆಗುತ್ತದೆ. ಕಿವಿ ಅಲ್ಲಿ ಚೆವಿ, ಕೆರೆ ಚಿರ. ಒಂದು ಪುಸ್ತಕದಲ್ಲಿ ದಿನಕ್ಕೆ ಐದು ಜೋಡಿ ಬರೆದಿಡು. ತಿಂಗಳು ಮುಗಿಯುವಾಗ ನೂರೈವತ್ತು ಪದ ನಿನ್ನದಾಗುತ್ತದೆ.

ಲಿಪಿಗೂ ಹೆದರಬೇಡ. ಅಕ್ಷರಮಾಲೆಯ ಕ್ರಮ ಒಂದೇ, ಅ ಆ ಇ ಈ, ಕ ಖ ಗ ಘ. ಆಕಾರ ಮಾತ್ರ ಕಲಿಯಬೇಕು. ನಮಗೆ ಹೊಸದು ಅನಿಸುವುದು ಎರಡು ಅಕ್ಷರ. ಬಾಳೆಯ ಮರಕ್ಕೆ, ಕೋಳಿಗೆ ಅವರು ಹೇಳುವ ಆ ಮಡಚಿದ ನಾಲಿಗೆಯ ಸದ್ದು ಒಂದು. ಗಟ್ಟಿ ರ ಇನ್ನೊಂದು. ಅವೂ ನಮ್ಮವೇ. ಹಳಗನ್ನಡದ ಬಾೞೆ, ಕೋೞಿಯಲ್ಲಿ ಇದ್ದ ೞ ಅದು. ಇನ್ನೊಂದು ನಮ್ಮ ಹಳೆಯ ಱ. ನಾವು ಬಿಟ್ಟದ್ದು ಅವರ ಬಾಯಿಯಲ್ಲಿ ಇನ್ನೂ ಬದುಕಿದೆ. ಬಸ್ಸಿನ ಬೋರ್ಡಿನಿಂದ ಶುರು ಮಾಡು. ಊರಿನ ಹೆಸರು ನಿನಗೆ ಮೊದಲೇ ಗೊತ್ತಿರುವುದರಿಂದ ಅಕ್ಷರ ತಾನಾಗಿ ಬಿಡಿಸಿಕೊಳ್ಳುತ್ತದೆ.

ನಗುವವರ ವಿಷಯ. ಕಾಸರಗೋಡಿನ ಮಲಯಾಳಿಗಳನ್ನೇ ನೋಡಿ ತೆಂಕಣದವರು ನಗುತ್ತಾರೆ. ನೀರಿಗೆ ಅವರು ವೆಳ್ಳಂ ಅನ್ನುವಲ್ಲಿ ನಮ್ಮ ಕಡೆಯವರು ಬೆಳ್ಳಂ ಅನ್ನುತ್ತಾರೆ, ವಾ ಅನ್ನುವಲ್ಲಿ ಬಾ ಅನ್ನುತ್ತಾರೆ. ನಿನ್ನ ಹಾಸ್ಟೆಲಿನಲ್ಲಿ ಚೆರುವತ್ತೂರು, ನೀಲೇಶ್ವರದ ಕಡೆಯ ಮಕ್ಕಳು ಇದ್ದರೆ ಅವರಿಗೂ ಈ ನಗು ಗೊತ್ತಿರುತ್ತದೆ. ಮೊದಲು ಅವರ ಹತ್ತಿರ ಕೂತು ಮಾತಾಡು. ನೋಟೀಸಿನ ವಿಷಯ ಇವತ್ತೇ ಆಗುವಂಥದ್ದು. ಇಂಗ್ಲಿಷಿನಲ್ಲೂ ಎರಡು ಸಾಲು ಹಾಕಿ ಅಂತ ಹಾಸ್ಟೆಲ್ ಸೆಕ್ರೆಟರಿಗೆ ಹೇಳು. ಬರೆಯುವ ಕೆಲಸ ನಾನೇ ಮಾಡುತ್ತೇನೆ ಅಂತಲೂ ಹೇಳು.

ಟೀಚರೇ, ಈ ವರ್ಷ ನಾನು ಮೆಸ್ ಸೆಕ್ರೆಟರಿ. ನಮ್ಮಲ್ಲಿ ತಿಂಗಳ ಖರ್ಚನ್ನು ಊಟ ಮಾಡಿದ ದಿನಗಳಿಗೆ ಹಂಚುವ ಕ್ರಮ. ಓಣಂ ತಿಂಗಳಲ್ಲಿ ದಿನದ ರೇಟು ಒಮ್ಮೆಲೇ ಏರಿತು. ಎಲ್ಲರೂ ನನ್ನನ್ನೇ ಸಂಶಯದಿಂದ ನೋಡುತ್ತಾರೆ. ರಾತ್ರಿ ಅತ್ತು ಬರೆಯುತ್ತಿದ್ದೇನೆ.

ಕಣ್ಣೊರೆಸಿಕೊ, ಒಂದು ಪೆನ್ಸಿಲ್ ತಕ್ಕೊ. ನೀನು ಕಳ್ಳಿ ಅಲ್ಲ, ಲೆಕ್ಕದ ಕ್ರಮವೇ ಹಾಗಿದೆ. ಅದನ್ನು ಅವರ ಮುಂದೆ ಬಿಡಿಸಿ ತೋರಿಸಬೇಕು.

ಸುಲಭವಾಗಲಿ ಅಂತ ಒಂದು ಉದಾಹರಣೆ ಹಿಡಿಯೋಣ. ಹಾಸ್ಟೆಲಿನಲ್ಲಿ 40 ಮಂದಿ. ಅಡುಗೆಯವರ ಸಂಬಳ, ಕರೆಂಟು ಅಂಥದ್ದೆಲ್ಲ ಸೇರಿ ತಿಂಗಳಿಗೆ 31,200 ರೂಪಾಯಿ. ಇದು ಯಾರು ಉಂಡರೂ ಬಿಟ್ಟರೂ ಕೊಡಲೇಬೇಕಾದ ದುಡ್ಡು. ಅಕ್ಕಿ, ತರಕಾರಿ, ತೆಂಗಿನಕಾಯಿ, ಹಾಲು ಸೇರಿ ಒಬ್ಬಳಿಗೆ ದಿನಕ್ಕೆ 60 ರೂಪಾಯಿ. ಮಾಮೂಲಿ ತಿಂಗಳಲ್ಲಿ ಎಲ್ಲರ ಹಾಜರಿ ಕೂಡಿಸಿದರೆ 1,040 ದಿನ ಅಂತಿಟ್ಟುಕೊ. 31,200ನ್ನು 1,040ಕ್ಕೆ ಹಂಚಿದರೆ 30. ಊಟದ 60 ಸೇರಿಸಿದರೆ ದಿನದ ರೇಟು 90.

ಓಣಂ ತಿಂಗಳಲ್ಲಿ ಎಲ್ಲರೂ ಮೆಸ್ ಕಟ್, ಅಂದರೆ ಇಷ್ಟು ದಿನ ಊಟ ಬೇಡ ಅಂತ, ಬರೆದು ಊರಿಗೆ ಹೋದರು. ಹಾಜರಿ 600 ದಿನಕ್ಕೆ ಇಳಿಯಿತು. ಸಂಬಳ ಇಳಿಯಲಿಲ್ಲ. 31,200ನ್ನು 600ಕ್ಕೆ ಹಂಚಿದರೆ 52. ರೇಟು 112 ಆಯಿತು. ಒಂದು ಪೈಸೆಯೂ ಎಲ್ಲಿಗೂ ಹೋಗಿಲ್ಲ.

ಆದರೆ ಇಲ್ಲಿ ಒಂದು ಅನ್ಯಾಯ ಇದೆ, ಅದನ್ನು ನೀನು ನೋಡಬೇಕು. ರಜೆಯಲ್ಲೂ ಹಾಸ್ಟೆಲಿನಲ್ಲಿ ಉಳಿಯುವವರು ಯಾರು? ದೂರದ ಊರಿನವರು, ಗಾಡಿ ಖರ್ಚಿಗೆ ಕಷ್ಟ ಇರುವವರು, ಮನೆಯಲ್ಲಿ ಏನೋ ತೊಂದರೆ ಇರುವವರು. 22 ದಿನ ಉಂಡವಳು 2,464 ಕೊಡುತ್ತಾಳೆ. 8 ದಿನ ಇದ್ದು ಹೋದವಳು 896 ಕೊಟ್ಟು ಮುಗಿಸುತ್ತಾಳೆ. ಹೋದವರ ಪಾಲಿನ ಸಂಬಳವನ್ನು ಉಳಿದವರು ಹೊರುತ್ತಾರೆ. ನನಗೆ ಇದು ಹೊಳೆಯಲು ನಾಲ್ಕು ವರ್ಷ ಬೇಕಾಯಿತು. ಆ ನಾಲ್ಕು ವರ್ಷ ನನ್ನ ಮಕ್ಕಳಲ್ಲಿ ಕೆಲವರು ಕೊಡಬಾರದ ದುಡ್ಡು ಕೊಟ್ಟರು ಅನ್ನುವ ನೋವು ನನಗೆ ಈಗಲೂ ಇದೆ.

ಆಮೇಲೆ ನಾವು ಲೆಕ್ಕವನ್ನು ಎರಡು ಮಾಡಿದೆವು. ಸಂಬಳದ ಭಾಗ ಎಲ್ಲರಿಗೂ ಸಮ, ತಲೆಗೆ 780. ಊಟದ ಭಾಗ ಮಾತ್ರ ದಿನದ ಲೆಕ್ಕ. ಆಗ 22 ದಿನದವಳಿಗೆ 780 ಮತ್ತು 1,320, ಒಟ್ಟು 2,100. 8 ದಿನದವಳಿಗೆ 780 ಮತ್ತು 480, ಒಟ್ಟು 1,260. ಮೊದಲ ತಿಂಗಳು ಸ್ವಲ್ಪ ಗಲಾಟೆ ಆಯಿತು. ಬೋರ್ಡಿನ ಮೇಲೆ ಈ ಎರಡೂ ಲೆಕ್ಕವನ್ನು ಪಕ್ಕಪಕ್ಕ ಬರೆದು ಓದಿ ಹೇಳಿದ ಮೇಲೆ ಜೋರು ಮಾಡಿದವರೇ ಒಪ್ಪಿದರು.

ಇನ್ನೆರಡು ಮಾತು. ಮೀನು, ಕೋಳಿಯ ಲೆಕ್ಕಕ್ಕೆ ಬೇರೆ ಪುಟ ಇಡು, ತಿನ್ನದವರ ತಲೆಗೆ ಅದು ಬೀಳಬಾರದು. ಅಂಗಡಿಯ ಚೀಟಿಗಳನ್ನು ಪೆಟ್ಟಿಗೆಯಲ್ಲಿ ಬಚ್ಚಿಡಬೇಡ. ನಮ್ಮಲ್ಲಿ ಊಟದ ಕೋಣೆಯ ಗೋಡೆಗೆ ಒಂದು ತಂತಿ ಕೊಕ್ಕೆ ಇತ್ತು. ಆ ದಿನದ ಚೀಟಿ ಆ ದಿನವೇ ಅದಕ್ಕೆ ಚುಚ್ಚುತ್ತಿದ್ದೆವು. ಯಾರೂ ತೆಗೆದು ನೋಡುತ್ತಿರಲಿಲ್ಲ. ನೋಡಬಹುದು ಅನ್ನುವುದು ಗೊತ್ತಿದ್ದರೆ ಸಾಕು.

ಟೀಚರೇ, ನನ್ನ ಮಗ ಪ್ಲಸ್ ಟು ಎರಡನೇ ವರ್ಷ. ಮುಂದೆ ಮಂಗಳೂರಿಗೆ ಸೇರಿಸುವ ಯೋಚನೆ. ಬದಿಯಡ್ಕದಿಂದ ದಿನಾ ಹೋಗಿ ಬರುವುದಾದರೆ ಒಂದು ದಿಕ್ಕಿಗೆ ಎರಡು ಗಂಟೆ ಹತ್ತಿರ ಬೇಕು. ಹಾಸ್ಟೆಲ್ ಒಳ್ಳೆಯದೋ, ಹೋಗಿ ಬರುವುದು ಒಳ್ಳೆಯದೋ?

ದಿನಕ್ಕೆ ನಾಲ್ಕು ಗಂಟೆ ಬಸ್ಸಿನಲ್ಲಿ ನಿಂತು ಬಂದವನಿಗೆ ರಾತ್ರಿ ಓದಲು ಏನು ಉಳಿದೀತು? ಮೊದಲ ವರ್ಷ ಹಾಸ್ಟೆಲ್ ಇರಲಿ ಎಂದೇ ನನ್ನ ಅಭಿಪ್ರಾಯ. ಇನ್ನೊಂದು ಕೆಲಸ ಈಗಲೇ ಮಾಡಿಡಿ. ಕರ್ನಾಟಕದ ಸಿಇಟಿಯಲ್ಲಿ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳಲ್ಲಿ ಓದಿದ ಗಡಿನಾಡ ಕನ್ನಡಿಗ ಮಕ್ಕಳಿಗೆ ಅವಕಾಶ ಇದೆ, ಅದಕ್ಕೆ ಕನ್ನಡ ಭಾಷಾ ಪರೀಕ್ಷೆಯೂ ಇರುತ್ತದೆ. ಅವನು ಓದಿದ ಶಾಲೆಗಳಿಂದ ವ್ಯಾಸಂಗ ಪ್ರಮಾಣಪತ್ರ ಮಾಡಿಸಿ ಇಡಿ. ಕಡೇ ಗಳಿಗೆಯಲ್ಲಿ ಓಡಾಡಿ ಬಸವಳಿದ ತಂದೆತಾಯಿಯರನ್ನು ಎಷ್ಟೋ ನೋಡಿದ್ದೇನೆ.

ನಿಮ್ಮ ಪತ್ರ ಎರಡು ಪುಟ ಇದೆ. ಮಗನಿಗೆ ಏನಿಷ್ಟ ಅಂತ ಒಂದು ಸಾಲೂ ಅದರಲ್ಲಿಲ್ಲ. ದಯವಿಟ್ಟು ಅವನನ್ನು ಕೂರಿಸಿ ಕೇಳಿ.

ಟೀಚರೇ, ಹಾಸ್ಟೆಲಿನಲ್ಲಿ ಸೀನಿಯರ್‌ಗಳು ರಾತ್ರಿ ಕೋಣೆಗೆ ಕರೆಸುತ್ತಾರೆ. ಅವರ ಬಟ್ಟೆ ಒಗೆಸುತ್ತಾರೆ. ಮೊನ್ನೆ ಕೆನ್ನೆಗೆ ಹೊಡೆದರು. "ಇದೆಲ್ಲ ಇದ್ದದ್ದೇ, ಮುಂದಿನ ವರ್ಷ ನೀನೂ ಮಾಡುವಿಯಂತೆ" ಅನ್ನುತ್ತಾರೆ. ಮನೆಯಲ್ಲಿ ಹೇಳಿಲ್ಲ. ಕಾಲೇಜು ಕೇರಳದ್ದೇ.

ಮಗಾ, ಈ ಪುಟ ಓದಿದ ಕೂಡಲೇ ಅಪ್ಪನಿಗೋ ಅಮ್ಮನಿಗೋ ಫೋನ್ ಮಾಡು. ಹೇಳಲು ನಾಚಿಕೆ ಆಗುತ್ತದೆ ಅಂತ ನನಗೆ ಗೊತ್ತು. ನಾಚಬೇಕಾದವನು ನೀನಲ್ಲ.

ಇದು ಇದ್ದದ್ದೇ ಅಲ್ಲ, ಇದು ಅಪರಾಧ. ಕೇರಳದಲ್ಲಿ ರ‍್ಯಾಗಿಂಗ್ ನಿಷೇಧಕ್ಕೆ 1998ರಲ್ಲೇ ಕಾನೂನು ಬಂದಿದೆ. ಎರಡು ವರ್ಷದ ತನಕ ಜೈಲು, ಹತ್ತು ಸಾವಿರ ರೂಪಾಯಿಯ ತನಕ ದಂಡ. ನೀನು ಬರೆದು ಕೊಟ್ಟರೆ ಪ್ರಿನ್ಸಿಪಾಲರು ಏಳು ದಿನದೊಳಗೆ ವಿಚಾರಣೆ ಮಾಡಬೇಕು. ಮೇಲ್ನೋಟಕ್ಕೆ ನಿಜ ಅಂತ ಕಂಡರೆ ಮಾಡಿದವರನ್ನು ಸಸ್ಪೆಂಡ್ ಮಾಡಿ ಪೊಲೀಸರಿಗೆ ತಿಳಿಸಬೇಕು. ಅವರಿಗೆ ಮನಸ್ಸಿದ್ದರೆ ಮಾಡುವ ಕೆಲಸ ಇದಲ್ಲ, ಮಾಡಲೇಬೇಕು. ಕಾಲೇಜಿನಲ್ಲಿ ಹೇಳಲು ಧೈರ್ಯ ಬಾರದಿದ್ದರೆ ದೇಶಕ್ಕೆಲ್ಲ ಒಂದೇ ಸಹಾಯವಾಣಿ ಇದೆ, 1800-180-5522. ಹಗಲು ರಾತ್ರಿ ಎತ್ತುತ್ತಾರೆ, ದುಡ್ಡು ಬೇಡ.

ಯಾವ ದಿನ, ಎಷ್ಟು ಗಂಟೆಗೆ, ಯಾವ ಕೋಣೆ, ಯಾರೆಲ್ಲ ಇದ್ದರು, ಎಲ್ಲ ಒಂದು ಕಡೆ ಬರೆದಿಡು. ದೂರಿನ ಒಂದು ಪ್ರತಿಗೆ ಆಫೀಸಿನ ಸೀಲು ಹಾಕಿಸಿಕೊ. ಎರಡು ರಾತ್ರಿ ಗೆಳೆಯನ ಮನೆಯಲ್ಲೋ ನೆಂಟರಲ್ಲೋ ಉಳಿಯಲು ಆಗುವುದಾದರೆ ಉಳಿ. ನಿನಗೆ ಬೇರೆಯಾಗಿಯೂ ಪತ್ರ ಹಾಕಿದ್ದೇನೆ.

ನಮ್ಮ ಹಾಸ್ಟೆಲಿನಲ್ಲಿ ಸಂಜೆಯಾದರೆ ಫೋನನ್ನು ವಾರ್ಡನ್ ಕೈಗೆ ಕೊಡಬೇಕು. ನೋಟ್ಸ್ ಎಲ್ಲ ಫೋನಿನಲ್ಲೇ ಬರುತ್ತದೆ. ಇದು ಸರಿಯಾ ಟೀಚರೇ?

ಸರಿ ಅಲ್ಲ ಅಂತ ಕೇರಳ ಹೈಕೋರ್ಟೇ ಹೇಳಿದೆ. ಕೋಝಿಕ್ಕೋಡ್ ಜಿಲ್ಲೆಯ ಚೇಳನ್ನೂರಿನ ಒಂದು ಕಾಲೇಜಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಸಂಜೆ ಆರರಿಂದ ರಾತ್ರಿ ಹತ್ತರ ತನಕ ಫೋನ್ ಮುಟ್ಟಬಾರದು ಅಂತ ನಿಯಮ ಮಾಡಿದ್ದರು. ಬಿ.ಎ. ಓದುತ್ತಿದ್ದ ಒಬ್ಬಳು ಹುಡುಗಿ ಒಪ್ಪಲಿಲ್ಲ. ಹಾಸ್ಟೆಲ್ ಬಿಡು ಅಂದರು. ಅವಳು ಕೋರ್ಟಿಗೆ ಹೋದಳು. 2019ರ ಸೆಪ್ಟೆಂಬರಿನಲ್ಲಿ ತೀರ್ಪು ಬಂತು. ಇಂಟರ್ನೆಟ್ ಬಳಸುವುದು ಶಿಕ್ಷಣದ ಹಕ್ಕಿನ, ಖಾಸಗಿತನದ ಹಕ್ಕಿನ ಭಾಗ, ಅವಳನ್ನು ಹಾಸ್ಟೆಲಿಗೆ ಮತ್ತೆ ಸೇರಿಸಿಕೊಳ್ಳಿ ಅಂತ ನ್ಯಾಯಾಲಯ ಹೇಳಿತು.

ಮೊದಮೊದಲು ನಾನೂ ಒಂಬತ್ತು ಗಂಟೆಗೆ ಫೋನ್ ತೆಗೆದಿಡುತ್ತಿದ್ದೆ, ಒಂದು ಬೆತ್ತದ ಬುಟ್ಟಿಯಲ್ಲಿ. ಮಕ್ಕಳ ನಿದ್ದೆ ಕೆಡಬಾರದು ಅನ್ನುವ ಉದ್ದೇಶ. ಒಂದು ರಾತ್ರಿ ಒಬ್ಬಳ ಅಜ್ಜಿ ತೀರಿಹೋದರು. ಮನೆಯವರು ಹದಿನಾರು ಸಲ ಕರೆ ಮಾಡಿದ್ದರು. ಬೆಳಿಗ್ಗೆ ಬುಟ್ಟಿಯಿಂದ ಫೋನ್ ತೆಗೆದ ಆ ಹುಡುಗಿಯ ಮುಖ ನಾನು ಮರೆತಿಲ್ಲ. ಅವಳು ತಲುಪುವಾಗ ಎಲ್ಲ ಮುಗಿದಿತ್ತು. ಆ ದಿನವೇ ಬುಟ್ಟಿ ತೆಗೆದೆ. ಹತ್ತು ಗಂಟೆ ಮೇಲೆ ಕೋಣೆಯಲ್ಲಿ ಜೋರಾಗಿ ಮಾತಾಡಬಾರದು, ಮಾತಾಡುವುದಾದರೆ ಮೆಟ್ಟಿಲ ಹತ್ತಿರ ಬನ್ನಿ ಅಂತ ಮಕ್ಕಳೇ ಒಂದು ನಿಯಮ ಮಾಡಿಕೊಂಡರು. ನಿಮ್ಮ ವಾರ್ಡನ್ ಹತ್ತಿರ ಹೋಗುವಾಗ ಆ ತೀರ್ಪಿನ ಜೊತೆ ಇಂಥದ್ದೊಂದು ನಿಯಮವನ್ನೂ ಬರೆದುಕೊಂಡು ಹೋಗಿ.

ಟೀಚರೇ, ನವೆಂಬರ್ 1 ಬರುತ್ತಾ ಇದೆ. ನಮ್ಮ ಹಾಸ್ಟೆಲಿನಲ್ಲಿ ಕೇರಳ ಪಿರವಿ, ಅಂದರೆ ಕೇರಳ ಹುಟ್ಟಿದ ದಿನ ಅಂತ ಎಲ್ಲರೂ ಅಲ್ಲಿಯ ಎರಡು ತುಂಡಿನ ಸೆಟ್ ಮುಂಡು ಉಡುತ್ತಾರೆ. ನಾವು ಆರು ಮಂದಿ ಕನ್ನಡದವರು. ನಮಗೆ ಅದು ರಾಜ್ಯೋತ್ಸವ. ಉಡಬೇಕೋ ಬೇಡವೋ ಅಂತ ನಮ್ಮೊಳಗೇ ಜಗಳ ಆಗಿದೆ.

ಈ ಜಗಳ ನಮ್ಮ ಮನೆಯಲ್ಲೂ ಇತ್ತು ಮಕ್ಕಳೇ. 1956ರ ನವೆಂಬರ್ 1ಕ್ಕೆ ಎರಡೂ ರಾಜ್ಯ ಹುಟ್ಟಿದವು. ಅಲ್ಲಿಯ ತನಕ ಕಾಸರಗೋಡು ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಆ ದಿನ ನಾವು ಕೇರಳಕ್ಕೆ ಸೇರಿದೆವು. 1967ರಲ್ಲಿ ಮಹಾಜನ ಆಯೋಗದ ವರದಿ ಚಂದ್ರಗಿರಿಯ ಬಡಗು ಭಾಗ ಕನ್ನಡನಾಡಿಗೆ ಸೇರಲಿ ಅಂದಿತು, ಅದು ಜಾರಿಗೆ ಬರಲಿಲ್ಲ. ಪೆರಡಾಲದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು 2015ರಲ್ಲಿ ನೂರು ತುಂಬಿ ತೀರಿಕೊಳ್ಳುವ ತನಕ ಆ ಆಸೆಯನ್ನು ಬಿಡಲಿಲ್ಲ. ನನ್ನ ಅಪ್ಪ ನವೆಂಬರ್ 1ರಂದು ಮಧ್ಯಾಹ್ನದ ಊಟ ಬಿಡುತ್ತಿದ್ದರು. ಯಾಕೆ ಅಂತ ಕೇಳಿದರೆ ಉತ್ತರ ಇರಲಿಲ್ಲ, ಅಂಗಳದ ಕಡೆ ನೋಡುತ್ತಾ ಕೂರುತ್ತಿದ್ದರು. ಅವರ ನೋವು ಸಣ್ಣದಲ್ಲ. ನಿಮ್ಮಲ್ಲಿ ಯಾರಿಗೆ ಉಡಲು ಮನಸ್ಸು ಬರುವುದಿಲ್ಲವೋ ಅವರನ್ನು ಒತ್ತಾಯ ಮಾಡಬೇಡಿ, ಅವರ ಮನೆಯಲ್ಲೂ ಅಂಥ ಅಜ್ಜ ಇರಬಹುದು.

ನನ್ನನ್ನು ಕೇಳಿದರೆ, ಬೆಳಿಗ್ಗೆ ಗೆಳತಿಯರ ಜೊತೆ ಸೆಟ್ ಮುಂಡು ಉಡಿ. ಸಂಜೆ ಅವರನ್ನು ನಿಮ್ಮ ರಾಜ್ಯೋತ್ಸವಕ್ಕೆ ಕರೆಯಿರಿ. ನಮ್ಮ ಹಾಸ್ಟೆಲಿನಲ್ಲಿ ಹೀಗೇ ಮಾಡುತ್ತಿದ್ದೆವು. ದೊಡ್ಡ ಭಾಷಣ ಬೇಡ. ಕಯ್ಯಾರರ ಒಂದು ಕವನ, ಮಂಜೇಶ್ವರದ ಗೋವಿಂದ ಪೈಗಳ ಒಂದು ಕವನ ಓದಿ. ಅರ್ಥವನ್ನು ಮಲಯಾಳದಲ್ಲಿ ಹೇಳಿ. ಮುಳ್ಳೇರಿಯದ ತಂಗಿಗೆ ಮೇಲೆ ಬರೆದಿದ್ದೇನಲ್ಲ, ಆ ಹಾಲು-ಪಾಲ್, ಹುಲಿ-ಪುಲಿ ಜೋಡಿಗಳನ್ನು ಒಂದು ಆಟ ಮಾಡಿ. ಒಬ್ಬರು ಕನ್ನಡ ಹೇಳುವುದು, ಮಲಯಾಳದವರು ಜೋಡಿ ಹುಡುಕುವುದು. ನಮ್ಮಲ್ಲಿ ಒಂದು ವರ್ಷ ಈ ಆಟ ರಾತ್ರಿ ಊಟದ ಗಂಟೆ ಹೊಡೆದರೂ ನಿಲ್ಲಲಿಲ್ಲ. ಕೋಟ್ಟಯಂನ ಆ ಹುಡುಗಿ ಹೆರೆಮಣೆಯ ಮೇಲೆ ಕೂತಲ್ಲಿಂದಲೇ ಉತ್ತರ ಕೂಗುತ್ತಿದ್ದಳು.

ಪಾಯಸ ಮಾತ್ರ ಇರಲಿ. ನಲವತ್ತು ಜನರಿಗೆ ಒಂದೂವರೆ ಕಿಲೋ ಹೆಸರುಬೇಳೆ, ಮೂರು ಕಿಲೋ ಬೆಲ್ಲ, ಹತ್ತು ತೆಂಗಿನಕಾಯಿ. ಬೇಳೆಯನ್ನು ಘಮ ಬರುವ ತನಕ ಹುರಿದುಕೊಳ್ಳಿ. ದಪ್ಪ ಕಾಯಿಹಾಲನ್ನು ಕೊನೆಗೆ ಹಾಕಿ ಕೂಡಲೇ ಒಲೆಯಿಂದ ಇಳಿಸಿ. ಮೆಸ್ ಸೆಕ್ರೆಟರಿಗೆ ಒಂದು ವಾರ ಮೊದಲೇ ಹೇಳಿ, ಬೆಲ್ಲದ ಚೀಟಿಯನ್ನು ಅವಳ ಕೈಗೆ ಕೊಡಿ.